ಅಕ್ಕ ದಂಡಿನ ಹಲ್ಲು ಡಾಕ್ಟರಾದದ್ದು

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಂಪುರದಲ್ಲಿ ಹಲ್ಲುನೋವಿಗೆ ಲವಂಗವೇ ಡಾಕ್ಟರು. ನೋಯುವ ಹಲ್ಲಿನ ಸಂದಿಗೆ ಒಂದು ಲವಂಗ ಸೇರಿಸಿ, ಕೆನ್ನೆಗೆ ಬಿಸಿ ಬಟ್ಟೆ ಒತ್ತಿಕೊಂಡು ಕೂರುತ್ತಿದ್ದೆವು. ಹಲ್ಲಿಗೆಂದೇ ಬೇರೆ ಓದು ಇದೆ ಎಂದು ನನಗೆ ತಿಳಿದದ್ದು ಅಕ್ಕ ಬೆಂಗಳೂರಿಗೆ ಹೋಗಿ ಅದನ್ನು ಓದತೊಡಗಿದ ಮೇಲೆ. ನನಗಿಂತ ಹದಿಮೂರು ವರ್ಷ ದೊಡ್ಡವಳು. ರಜಕ್ಕೆ ಬಂದಾಗಲೆಲ್ಲ ನನ್ನನ್ನು ಅಂಗಳದ ಬಿಸಿಲಿಗೆ ಕೂರಿಸಿ, ಬಾಯಿ ತೆರೆಸಿ, ಪುಟ್ಟ ಕನ್ನಡಿ ಹಿಡಿದು ಇಣುಕುತ್ತಿದ್ದಳು. ಅವಳ ಬೆರಳುಗಳಿಗೆ ಯಾವಾಗಲೂ ಸೋಪಿನ ವಾಸನೆ.

ಅವಳ ಓದು ಮುಗಿದ ವರ್ಷ ನನಗೆ ಹತ್ತು ತುಂಬಿತ್ತು. ಒಂದು ಬೆಳಗ್ಗೆ ಅಂಚೆಯವರು ಕಂದು ಬಣ್ಣದ ಉದ್ದನೆಯ ಲಕೋಟೆ ಕೊಟ್ಟುಹೋದರು. ಅಪ್ಪ ಅಂಗಡಿಯ ಮುಂದೆ ಕೊಬ್ಬರಿ ಒಣಹಾಕಿಸುತ್ತಿದ್ದರು. ಬೀದಿಯೆಲ್ಲ ಅದರ ಎಣ್ಣೆಘಮ. ಅಕ್ಕ ಕಾಗದ ಓದಿ, ನೇರವಾಗಿ ಅಪ್ಪನ ಮುಂದೆ ಹೋಗಿ ನಿಂತಳು. ಸೈನ್ಯದಲ್ಲಿ ಹಲ್ಲಿನ ಡಾಕ್ಟರಾಗಲು ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳಂತೆ. ದಿಲ್ಲಿಗೆ ಸಂದರ್ಶನಕ್ಕೆ ಕರೆದಿದ್ದರು.

"ಹಲ್ಲು ಕೀಳೋಕೆ ದಂಡಿಗೆ ಹೋಗ್ಬೇಕೇನವ್ವ? ತರೀಕೆರೇಲಿ ಒಂದು ಅಂಗಡಿ ಹಾಕ್ಕೊಡ್ತೀನಿ, ಕೂತ್ಕೊಂಡು ಕೀಳು" ಎಂದರು ಅಪ್ಪ.

ನನಗೆ ನಗು ಬಂತು. ಅಕ್ಕ ನಗಲಿಲ್ಲ. "ಇಲ್ಲಿ ಯಾರು ಬತ್ತಾರಪ್ಪ? ಹಲ್ಲು ಅಲ್ಲಾಡಿದ್ರೆ ದಾರ ಕಟ್ಟಿ ಅವ್ರೇ ಕಿತ್ಕೋತಾರೆ. ಅಲ್ಲಾದ್ರೆ ದಿನಾ ಕೆಲಸ ಐತೆ. ನಂಗೆ ಕೈ ಪಳಗಬೇಕು" ಎಂದಳು.

ಅಪ್ಪ ಕೊಬ್ಬರಿಯ ಕಡೆ ತಿರುಗಿದರು. ಮಧ್ಯಾಹ್ನ ಅಕ್ಕ ತಟ್ಟೆಯಲ್ಲಿದ್ದ ಮುದ್ದೆಯನ್ನು ಸುಮ್ಮನೆ ಮುರಿಯುತ್ತ ಕೂತಳು. ಊಟವಾದ ಮೇಲೆ ಅಪ್ಪ ಲಕೋಟೆಯನ್ನು ಜೇಬಿಗೆ ಸೇರಿಸಿ, ನನ್ನ ಕೈ ಹಿಡಿದು ಸುಬೇದಾರ್ ಸಾಹೇಬರ ಮನೆಗೆ ಹೊರಟರು. ಸೈನ್ಯದಿಂದ ನಿವೃತ್ತರಾಗಿ ಬಂದು ಹಿಂದಿನ ಬೀದಿಯಲ್ಲಿ ನೆಲೆಸಿದ್ದ ಅವರು ಅಪ್ಪನ ಹಳೆಯ ಸ್ನೇಹಿತರು. ಅವರೇ ಬೇಡವೆಂದರೆ ಮಗಳು ಸುಮ್ಮನಾಗುತ್ತಾಳೆ ಎಂದು ಅಪ್ಪ ಎಣಿಸಿದ್ದರೇನೋ.

ಸಾಹೇಬರು ನಮಗೆ ಏಲಕ್ಕಿ ಚಹಾ ತರಿಸಿ, ಕನ್ನಡಕ ಏರಿಸಿ, ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಕಿಟಕಿಯ ಬೆಳಕಿಗೆ ತಿರುಗಿ, ಬೆರಳಿನಿಂದ ಕೆನ್ನೆ ಸರಿಸಿ, ಬೆಳ್ಳಿಯಂಥದೇನೋ ತುಂಬಿದ್ದ ಒಂದು ದವಡೆ ಹಲ್ಲು ತೋರಿಸಿದರು.

"ನೋಡಿ ಸಾವ್ಕಾರ್ರೇ, ಮಂಜಿನ ಬೆಟ್ಟದ ಮೇಲೆ ಡ್ಯೂಟಿ ಇತ್ತು. ಗುಂಡಿಗೆ ಹೆದರದೋನು ಈ ಹಲ್ಲಿಗೆ ಮಗು ಥರ ಅತ್ತೆ. ನಾಕು ದಿನ ಅನ್ನ ಇಲ್ಲ, ನಿದ್ದೆ ಇಲ್ಲ. ಡಾಕ್ಟರ್ ಸಾಹೇಬ್ರು ಹೇಸರಗತ್ತೆ ಮೇಲೆ ಸಾಮಾನು ಹೇರ್ಕೊಂಡು ನಾವಿದ್ದಲ್ಲಿಗೇ ಬಂದ್ರು. ಹಲ್ಲು ಕೊರೆಯೋಕೆ ಕಾಲಲ್ಲಿ ತುಳಿಯೋ ಮಿಷಿನ್ನು! ಅದ್ರಲ್ಲೇ ಸರಿ ಮಾಡಿದ್ರು. ಇವತ್ತಿಗೂ ಈ ಹಲ್ಲಲ್ಲೇ ಹುರಿಗಡಲೆ ಕಡೀತೀನಿ."

ಅಪ್ಪ ಚಹಾದ ಲೋಟ ಕೆಳಗಿಟ್ಟು, "ಅದ್ಸರಿ. ಹೆಣ್ಮಗಳಿಗೆ ಅಲ್ಲಿ ಮರ್ಯಾದೆ ಐತಾ?" ಎಂದು ಮೆಲ್ಲಗೆ ಕೇಳಿದರು.

"ಆಕೆ ಆಫೀಸರ್ ಆಗ್ತಾಳೆ ಕಣ್ರೀ! ನನ್ನಂಥೋರು ಎದ್ದು ನಿಂತು ಸೆಲ್ಯೂಟ್ ಹೊಡೀಬೇಕು."

ಹಿಂದಿರುಗುವ ದಾರಿಯಲ್ಲಿ ಅಪ್ಪ ತಮ್ಮಷ್ಟಕ್ಕೆ ತಾವೇ "ಸೆಲ್ಯೂಟು!" ಎಂದು ನಕ್ಕರು. ಮನೆಯ ಜಗಲಿಯಲ್ಲಿ ಅಕ್ಕ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಅಪ್ಪ ಚಪ್ಪಲಿ ಬಿಡುತ್ತಲೇ ಕೇಳಿದರು: "ದಿಲ್ಲಿ ರೈಲು ಎಲ್ಲಿ ಹಿಡೀಬೇಕವ್ವ, ಬೀರೂರಲ್ಲೋ, ಬೆಂಗಳೂರಲ್ಲೋ?"

ಅಕ್ಕ ಮೊರ ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಗುತ್ತಲೂ ಇದ್ದಳು. ಹಿಂದಿಯ ಒಂದು ಮಾತೂ ಬಾರದ ಅಪ್ಪ ಚಕ್ಕುಲಿ ಡಬ್ಬ ಹಿಡಿದು ಅವಳ ಜೊತೆ ದಿಲ್ಲಿಯವರೆಗೂ ಹೋಗಿಬಂದರು. ಅಕ್ಕನ ಆಯ್ಕೆಯಾಯಿತು. ಮುಂದೆ ಎಷ್ಟೋ ವರ್ಷ, ನಾವು ನಕಾಶೆಯಲ್ಲಿ ಹುಡುಕಬೇಕಾದ ಊರುಗಳಿಂದ ಅವಳ ಕಾಗದಗಳು ಬರುತ್ತಿದ್ದವು.

ಮಕ್ಕಳೇ, ಈಗ ನಿಮಗೆ ಹಲ್ಲುನೋವು ಬಂದರೆ ಕಡೂರಿಗೆ ಹೋಗಿ ಮೆತ್ತನೆಯ ಕುರ್ಚಿಯಲ್ಲಿ ಒರಗುತ್ತೀರಿ. ಎದುರಿಗೆ ಟಿವಿಯಲ್ಲಿ ಕಾರ್ಟೂನು ಓಡುತ್ತಿರುತ್ತದೆ. ಡಾಕ್ಟರು ಹೆಂಗಸೋ ಗಂಡಸೋ ಎಂದು ನೀವು ಗಮನಿಸುವುದೂ ಇಲ್ಲ. ಮೊನ್ನೆ ಈ ಕಥೆ ಹೇಳಿದಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, "ತಾತ, ಅವ್ರು ಹೋಗ್ತೀನಿ ಅಂದ್ರಲ್ಲ, ಅದ್ರಲ್ಲಿ ಯೋಚ್ನೆ ಮಾಡೋಕೆ ಏನಿತ್ತು?" ಎಂದು ಕೇಳಿದಳು. ಆ ಪ್ರಶ್ನೆ ಕೇಳಿ ಅವತ್ತೆಲ್ಲ ಮನಸ್ಸು ತುಂಬಿಕೊಂಡಿತ್ತು.