ಅತ್ತೆ ಬಸ್ಸು ಹತ್ತಿದ ಮೇಲೆ

ನಮ್ಮತ್ತೆ ಬಸ್ಸು ಹತ್ತಿದರು.

ಇದರಲ್ಲೇನು ವಿಶೇಷ ಎನ್ನುತ್ತೀರಾ? ಕೇಳಿ. ಮನೆಯ ಮುಂದೆ ಕಾರು ನಿಂತಿತ್ತು. ಎಂಜಿನ್ ಓಡುತ್ತಿತ್ತು. ಸ್ಟಿಯರಿಂಗ್ ಹಿಡಿದು ನಾನು ಕೂತಿದ್ದೆ. ಇಬ್ಬರೂ ಹೋಗಬೇಕಾಗಿದ್ದದ್ದು ಒಂದೇ ಕಡೆಗೆ. ಅತ್ತೆ ಹೊರಗೆ ಬಂದರು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡರು, ಕಾರಿನ ಪಕ್ಕದಲ್ಲೇ ನಡೆದು ಬೀದಿ ತುದಿಯ ಬಸ್ ಸ್ಟಾಪಿನ ಕಡೆ ಹೊರಟುಬಿಟ್ಟರು.

"ಅತ್ತೆ, ಕಾರು ಇಲ್ಲಿದೆ!" ಎಂದು ಕೂಗಿದೆ.

"ಇರ್ಲಿ ಬುಡು ಕಣ್ಣೂ. ಪರವಾಯಿಲ್ಲೆ. ನಾ ಬಸ್ಸುಲೇ ಬತ್ತೀನಿ."

ಎದುರು ಮನೆಯಾಕೆ ರಂಗೋಲಿ ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಕ್ಲಚ್ಚು ಬಿಟ್ಟ ರಭಸಕ್ಕೆ ಎಂಜಿನ್ ಆಫ್ ಆಯಿತು.

ಈ ಅಂಕಣ ಓದುವವರಿಗೆ ನನ್ನ ಕಾರಿನ ಪರಿಚಯವಿದೆ. ಮೈಸೂರಿನಲ್ಲಿ ಅಪ್ಪ ಕಲಿಸಿದ ಡ್ರೈವಿಂಗು. ಮದುವೆಯಾಗಿ ಕೊಯಮತ್ತೂರಿಗೆ ಬಂದಾಗ ಹೆಂಗಸು ಕಾರು ಓಡಿಸುವುದನ್ನು ನೋಡಲು ಜನ ಅಂಗಡಿಯಿಂದ ಇಳಿದು ಬರುತ್ತಿದ್ದರು. ಈಗ ಯಾರೂ ತಿರುಗಿ ನೋಡುವುದಿಲ್ಲ. (ಸ್ವಲ್ಪ ಬೇಜಾರೇ.) ನನ್ನದು ಡಾಕ್ಟರ ಕೆಲಸ, ಒಂದು ದಿನ ತುಡಿಯಲೂರಿನಲ್ಲಿ ಹೆರಿಗೆ, ಇನ್ನೊಂದು ದಿನ ಮದುಕ್ಕರೈಯಲ್ಲಿ ಜ್ವರ. ಶುಕ್ರವಾರ ಬಂತೆಂದರೆ ಸಿಂಗಾನಲ್ಲೂರಿನ ಗಿರಣಿ ಹೆಂಗಸರಿಗೆ ಕ್ಲಿನಿಕ್. ಅದೇ ಊರಿನಲ್ಲಿ ಅತ್ತೆಯ ತಮ್ಮನ ಮನೆ, ತಮ್ಮನ ಮಗ್ಗಗಳು. ಅವರದ್ದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ನೇಯ್ಗೆಯ ಮನೆತನ. ಅದಕ್ಕೇ ಪ್ರತಿ ಶುಕ್ರವಾರ ಅತ್ತೆ ನನ್ನ ಹಿಂದಿನ ಸೀಟಿನಲ್ಲಿರುತ್ತಿದ್ದರು. (ಅತ್ತೆ ಮಾತಾಡುವುದು ಕನ್ನಡ, ಓದುವುದು ತಮಿಳು. ಆದ್ದರಿಂದಲೇ ಅವರ ಬಗ್ಗೆ ಇಲ್ಲಿ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.)

ಬಸ್ಸು ಹತ್ತಿದ್ದಕ್ಕೆ ಕಾರಣವಿತ್ತು. ಹಿಂದಿನ ಶುಕ್ರವಾರ ಸಂಜೆ ಸಿಂಗಾನಲ್ಲೂರಿನಿಂದ ವಾಪಸು ಬರುತ್ತಿದ್ದೆವು. ಕೆರೆ ಏರಿಯ ಮೇಲೆ ನಮ್ಮ ಮುಂದೆ ಹತ್ತಿ ಹೇರಿದ ಎತ್ತಿನ ಗಾಡಿ. ಹಾರ್ನ್ ಹೊಡೆದೆ. ಜಾಗ ಬಿಡಲಿಲ್ಲ. ಮತ್ತೆ ಹೊಡೆದೆ. ಮನೆಗೆ ಹೋಗುವ ಆತುರ ಯಾರಿಗಿಲ್ಲ? ಬಲಕ್ಕೆ ಎಳೆದು ಗಾಡಿಯನ್ನು ದಾಟಲು ಹೊರಟೆ. ಎದುರಿಗೆ, ತಿರುವಿನಿಂದ, ಬಸ್ಸು!

ಎಡಕ್ಕೆ ತಿರುಗಿಸಿದೆ. ತುಸು ಹೆಚ್ಚೇ ತಿರುಗಿಸಿದೆ. ಬಸ್ಸು ತಪ್ಪಿತು, ಗಾಡಿ ತಪ್ಪಿತು, ರಸ್ತೆಯೂ ತಪ್ಪಿತು. ಏರಿಯ ಇಳಿಜಾರಿನ ಕೆಸರಲ್ಲಿ ಮುಂದಿನ ಚಕ್ರ ಹೂತು ಕಾರು ನಿಂತಾಗ ಅದರ ಮೂತಿ ನೀರಿನ ಕಡೆಗಿತ್ತು. ಶಿಫ್ಟು ಮುಗಿಸಿ ಬರುತ್ತಿದ್ದ ಗಿರಣಿಯ ಗಂಡಸರು ಸೈಕಲ್ಲು ಮಲಗಿಸಿ ಓಡಿ ಬಂದು, ಎಲ್ಲರೂ ಕೈ ಹಾಕಿ, ಕಾರನ್ನು ರಸ್ತೆಗೆ ಎತ್ತಿಟ್ಟರು. ಯಾರಿಗೂ ಪೆಟ್ಟಾಗಲಿಲ್ಲ.

ತಪ್ಪು ಯಾರದ್ದು? ಗಾಡಿಯವನದ್ದು. ಬಸ್ಸಿನವನದ್ದು. ಆ ತಿರುವಿನಲ್ಲಿ ಹುಣಸೆಮರ ನೆಟ್ಟವನದ್ದು. ವಾರವಿಡೀ ಮನೆಯಲ್ಲಿ ನನ್ನ ವಾದ ಇದೇ. ನನ್ನ ಯಜಮಾನರು ವಕೀಲರು, ವಾದ ಕೇಳುವುದೇ ಅವರ ಕಸುಬು. ಪೂರ್ತಿ ಕೇಳಿದರು. ಕೇಳಿ, ಕಾಫಿ ಲೋಟ ಕೆಳಗಿಟ್ಟು, "ಒಬ್ಬ ರಿಟೈರ್ಡ್ ಮೇಜರ್ ಇದ್ದಾರಂತೆ. ಕಾರು ಓಡಿಸಲು ಬರುವವರಿಗೇ ಭಾನುವಾರ ಕ್ಲಾಸು ತಗೋತಾರಂತೆ," ಎಂದರು.

"ಬರುವವರಿಗೆ ಕ್ಲಾಸು ಯಾಕೆ?"

"ಅದನ್ನ ಅವರನ್ನೇ ಕೇಳು."

ಸಿಟ್ಟು ಬಂತು. ಮರುದಿನ ಅತ್ತೆ ಬಸ್ಸು ಹತ್ತಿದರು. ಭಾನುವಾರ ನಾನು ಕ್ಲಾಸಿಗೆ ಹೋದೆ.

ಯುದ್ಧದಲ್ಲಿ ಮಿಲಿಟರಿ ಲಾರಿಗಳ ದೊಡ್ಡ ಸಾಲುಗಳನ್ನೇ ಮರಳುಗಾಡು ದಾಟಿಸಿದ್ದ ಮೇಜರ್ ಕ್ಲಾಸಿಗೆ ಬಂದದ್ದು ಸೈಕಲ್ಲಿನಲ್ಲಿ. ಕಾರಿಲ್ಲವೇ ಎಂದರೆ, "ಓಡಿಸುವಷ್ಟು ಓಡಿಸಿದ್ದಾಯ್ತು," ಎಂದರು. ಮಾತು ಅರ್ಧ ಇಂಗ್ಲಿಷು, ಅರ್ಧ ತಮಿಳು. ಶಿಷ್ಯರು ನಾವಿಬ್ಬರೇ. ನಾನು, ಮತ್ತೆ ತುಡಿಯಲೂರಿನ ಕಡೆ ಹತ್ತಿ ಬೆಳೆಯುವ ಒಬ್ಬ ಗೌಂಡರು. ದೊಡ್ಡ ಮೀಸೆ, ದೊಡ್ಡ ಕಾರು, ಅದಕ್ಕಿಂತ ದೊಡ್ಡ ಹಾರ್ನು. "ನಮ್ಮ ಎತ್ತುಗಳಿಗೇ ನನ್ನ ಕಾರು ಕಂಡ್ರೆ ಬಯಮ್ಮಾ. ಅದಕ್ಕೇ ಬಂದೆ," ಎಂದರು ನಗುತ್ತ. ನಾನೇಕೆ ಬಂದೆ ಎಂದು ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಗೇರು, ಬ್ರೇಕು ಎಂದು ಶುರುವಾಗುತ್ತದೆ ಅಂದುಕೊಂಡಿದ್ದೆ. ಮೇಜರ್ ನನ್ನ ಪಕ್ಕದಲ್ಲಿ ಕೂತು, "ಓಡಿಸಿ. ಓಡಿಸುತ್ತಾ ಏನು ಕಾಣುತ್ತದೋ ಅದನ್ನು ಬಾಯಿ ಬಿಟ್ಟು ಹೇಳಿ. ನಿಲ್ಲಿಸಬೇಡಿ," ಎಂದರು.

ಅಷ್ಟೇನಾ? ಟ್ರಿಚಿ ರಸ್ತೆಗೆ ಇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ.

"ಮುಂದೆ ಒಬ್ಬ ಸೈಕಲ್ಲಿನವನು. ಮುಟ್ಠಾಳ, ರಸ್ತೆ ಮಧ್ಯದಲ್ಲೇ ಹೋಗುತ್ತಿದ್ದಾನೆ. ಒಂದು ಜಟಕಾ. ಕುದುರೆಗೆ ಇರುವಷ್ಟು ಬುದ್ಧಿ ಸಾಬಿಗಿಲ್ಲ. ಒಂದು ಎಮ್ಮೆ. ಇದನ್ನು ಬಿಟ್ಟವರು ಯಾರು? ಒಂದು ಲಾರಿ, ಸಿಗ್ನಲ್ ತೋರಿಸದೆ—"

ಮೇಜರ್ ಕೈ ಎತ್ತಿದರು. ಮೆತ್ತಗೆ ಹೇಳಿದರು.

"ತಿಟ್ಟಾದೀಂಗ ಡಾಕ್ಟರ್. ಪಾರುಂಗ."

ಬೈಯಬೇಡಿ. ನೋಡಿ.

ಹೇಗೆ ಅಲ್ಲ ಎನ್ನಲಿ? ಅಷ್ಟು ದೂರದಲ್ಲಿ ನಾನು ಕಂಡದ್ದೆಲ್ಲ ನನ್ನ ದಾರಿಗೆ ಅಡ್ಡ ಬಂದದ್ದು ಮಾತ್ರ. ಅಡ್ಡ ಬರದಿದ್ದ ಯಾವುದೂ ನನ್ನ ಬಾಯಿಗೆ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ಇನ್ನೇನು ರಸ್ತೆಗೆ ಇಳಿಯಲಿದ್ದ ಮುದುಕ, ಕಾಂಪೌಂಡಿನ ಮೇಲಿಂದ ಚೆಂಡು ಹಾರಿಬಂದ ಶಾಲೆ, ಕನ್ನಡಿಯಲ್ಲಿ ನನ್ನ ಬೆನ್ನಿಗೇ ಬರುತ್ತಿದ್ದ ಇನ್ನೊಂದು ಕಾರು. ಇವನ್ನೆಲ್ಲ ಮೇಜರ್ ಆಮೇಲೆ ನೆನಪಿನಿಂದ ಹೇಳಿದರು. ನಾನೂ ಅದೇ ರಸ್ತೆಯಲ್ಲೇ ಬಂದಿದ್ದೆ ತಾನೆ?

ಗೌಂಡರ ಸರದಿ ಬಂದಾಗ ನನಗೆ ಸ್ವಲ್ಪ ಸಮಾಧಾನವಾಯಿತು. "ಎಡಗಡೆ ಹತ್ತಿ, ಪರವಾಯಿಲ್ಲ. ಬಲಗಡೆ ಜೋಳ, ನೀರು ಸಾಲದು. ಅಲ್ಲಿ ಪಾರುಂಗ, ಯಾವನೋ ಬಾವಿಗೆ ಕರೆಂಟು ಪಂಪು ಹಾಕಿಸಿದಾನೆ..." ರಸ್ತೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಕಂಡಿತ್ತು.

(ನಮ್ಮ ರಾಜ್ಯದಲ್ಲಿ ಪಾನನಿರೋಧ. ಕುಡಿದು ಕಾರು ಓಡಿಸುವವರು ಯಾರೂ ಇಲ್ಲ. ಕುಡಿಯದೆಯೇ ನಾವು ಹೀಗೆ.)

ಮುಂದಿನ ಭಾನುವಾರಗಳಲ್ಲಿ ಬೈಗುಳ ಕಡಿಮೆಯಾಯಿತು, ಮಾತು ತಡವರಿಸತೊಡಗಿತು. ಕಣ್ಣಿಗೆ ಬಿದ್ದದ್ದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತಿತ್ತು. ತಮಿಳಿನಲ್ಲಿ ಪ್ರಯತ್ನಿಸಿದೆ. ಆಸ್ಪತ್ರೆಗೆ ಸಾಕಾಗುವ ನನ್ನ ತಮಿಳು ರಸ್ತೆಗೆ ಸಾಲಲಿಲ್ಲ. ಒಂದು ಸಲ, ಮಾರುಕಟ್ಟೆಯ ಗದ್ದಲದಲ್ಲಿ, ನನಗೇ ತಿಳಿಯದೆ ಬಾಯಿಂದ ಕನ್ನಡ ಹೊರಟಿತು. "ಎಡಕ್ಕೆ ಹೂವಿನವಳು, ಬುಟ್ಟಿ ಎತ್ತುತ್ತಾ ಇದ್ದಾಳೆ, ಏಳ್ತಾಳೆ, ನಿಧಾನ. ಮುಂದೆ ಕೈಗಾಡಿ, ಎಳೆಯುವವನಿಗೆ ದಣಿವು, ನಿಲ್ಲಬಹುದು, ಜಾಗ ಬಿಡ್ತೀನಿ. ಹಿಂದೆ ಯಾರೂ ಇಲ್ಲ..."

ತಪ್ಪಿನ ಅರಿವಾಗಿ ನಿಲ್ಲಿಸಿದೆ. "ಸಾರಿ ಮೇಜರ್, ಇದು ನಿಮಗೆ ತಿಳಿಯುವುದಿಲ್ಲ."

"ಮಾತು ತಿಳಿಯಲಿಲ್ಲ. ನಿಮ್ಮ ಕಣ್ಣು ಎಲ್ಲಿದೆ ಅಂತ ತಿಳೀತು. ಕನ್ನಡದಲ್ಲೇ ಇರಲಿ."

ಅಲ್ಲಿಂದ ನನಗೆ ಖುಷಿ ಹತ್ತಿತು ನೋಡಿ! ಭಾನುವಾರಕ್ಕೆ ಕಾಯತೊಡಗಿದೆ. ಕ್ಲಿನಿಕ್ಕಿಗೆ ಒಬ್ಬಳೇ ಹೋಗುವಾಗಲೂ ಗೊಣಗಿಕೊಂಡೇ ಓಡಿಸಿದೆ. ಈ ಊರಿನಲ್ಲಿ ಇಷ್ಟು ಬೇವಿನ ಮರಗಳಿದ್ದವೇ? ಇಷ್ಟೊಂದು ಜನ ನನಗೆ ನಮಸ್ಕಾರ ಮಾಡುತ್ತಿದ್ದರೇ? ಆದರೆ ಶುಕ್ರವಾರಗಳಲ್ಲಿ ಹಿಂದಿನ ಸೀಟು ಖಾಲಿಯೇ. ಅತ್ತೆ ಮನೆಯಲ್ಲಿ ನಗುನಗುತ್ತಲೇ ಇದ್ದರು, ನನ್ನ ತಟ್ಟೆಗೆ ಎರಡನೆಯ ಸಲ ಹುಳಿ ಬಡಿಸುತ್ತಿದ್ದರು, ಬಸ್ಸಿನಲ್ಲೇ ಹೋಗುತ್ತಿದ್ದರು.

ಕೊನೆಯ ಪರೀಕ್ಷೆಗೆ ಮೇಜರ್ ಒಂದು ಷರತ್ತು ಹಾಕಿದರು. ಮನೆಯಿಂದ ಒಬ್ಬರನ್ನು ಕರೆತರಬೇಕು. "ನಿಮ್ಮ ಡ್ರೈವಿಂಗಿನ ಮೇಲೆ ಯಾರಿಗೆ ಎಲ್ಲಕ್ಕಿಂತ ಕಡಿಮೆ ನಂಬಿಕೆಯೋ, ಅವರನ್ನು."

ಗೌಂಡರು ತಕ್ಷಣ, "ಹೆಂಡತಿ," ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರು, "ನಾನು ಬರ್ತೀನಿ," ಎಂದರು. ನಾನು ಬೇಡವೆಂದು ಅತ್ತೆಯನ್ನೇ ಕೇಳಿದೆ. ಅವರು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು.

"ನಾ ಬರ್ಲಿಲ್ಲೇನ್ನಾ, ಫೇಲಾ ನೀನು?"

"ಫೇಲ್ ಅತ್ತೆ."

"ಶರಿ. ಒಂದು ದಪ ಬತ್ತೀನಿ. ಒಂದೇ ದಪ."

ಪರೀಕ್ಷೆ ಪಾಲಕ್ಕಾಡಿನ ರಸ್ತೆಯಲ್ಲಿ, ಮದುಕ್ಕರೈವರೆಗೆ. ಮೊದಲು ಗೌಂಡರು ತಮ್ಮ ಕಾರಿನಲ್ಲಿ ಹೋಗಿ ಬಂದರು. ಅವರ ಹೆಂಡತಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಮುರುಗನನ್ನು ಕರೆಯುತ್ತಿದ್ದರಂತೆ. ಆಮೇಲೆ ನಾವು. ಮೇಜರ್ ಮುಂದೆ, ಅತ್ತೆ ಹಿಂದೆ, ನನ್ನ ಅಂಗೈಯಲ್ಲಿ ಬೆವರು. ನೂರಾರು ಹೆರಿಗೆ ಮಾಡಿಸಿದ ಕೈ ಇದೇನಾ?

ಕನ್ನಡದಲ್ಲಿ ಶುರು ಮಾಡಿದೆ. ಊರು ದಾಟಿತು. ತಾಳೆಮರಗಳು ಬಂದವು. ಹಿಂದಿನಿಂದ ಮೊದಲು ಎಲೆಗೆ ಸುಣ್ಣ ಹಚ್ಚುವ ಸದ್ದಷ್ಟೇ ಇತ್ತು. ಸ್ವಲ್ಪ ಹೊತ್ತಿಗೆ ಮಾತು ಬಂತು.

"ಆ ಸೈಕಲ್ಲುಕಾರ ಸುಮ್ಮನೆ ಸುಮ್ಮನೆ ಹಿಂದಕ್ಕೆ ನೋಡ್ತಾನೆ. ಅವ ಬಲಕ್ಕೆ ತಿರುಗ್ತಾನೆ ಪಾರು."

"ನೋಡಿದೆ ಅತ್ತೆ. ನಿಧಾನ ಮಾಡ್ತಾ ಇದ್ದೀನಿ."

ತಿರುಗಿದ. ಮೇಜರ್ ಅತ್ತೆಯ ಕಡೆ ತಿರುಗಿ ತಲೆ ಬಾಗಿಸಿದರು.

ಸಿಮೆಂಟ್ ಕಾರ್ಖಾನೆ ಹತ್ತಿರವಾಗುತ್ತಿದ್ದಂತೆ ಲಾರಿಗಳು ಹೆಚ್ಚಿದವು, ಧೂಳೂ ಹೆಚ್ಚಿತು. ನಮ್ಮ ಮುಂದೆ ಒಂದು ಬಸ್ಸು, ಹೊಗೆ ಉಗುಳುತ್ತ, ಆಮೆಯ ಹಾಗೆ. ಬಲಗಡೆ ರಸ್ತೆ ಖಾಲಿ. ದಾಟಬಹುದು! ಕಾಲು ತಾನಾಗಿ ಒತ್ತಲು ಹೊರಟಿತು. ಬಾಯಿ ಬೇರೆ ಹೇಳಿತು. "ಬಸ್ಸಿನ ಮುಂದೆ ಏನಿದೆ, ಕಾಣ್ತಾ ಇಲ್ಲ. ಬಸ್ಸು ಯಾಕೆ ಇಷ್ಟು ನಿಧಾನ, ಗೊತ್ತಿಲ್ಲ. ಗೊತ್ತಾಗುವವರೆಗೆ ಕಾಯ್ತೀನಿ. ಇನ್ನೂ ಸ್ವಲ್ಪ ಹಿಂದೆ ಸರೀತೀನಿ."

ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಕಾದೆ.

ಬಸ್ಸು ಗಕ್ಕನೆ ನಿಂತಿತು. ನಾನು ಮೆಲ್ಲಗೆ ನಿಲ್ಲಿಸಿದೆ. ಧೂಳು ಇಳಿಯಿತು. ಬಸ್ಸಿನ ಮುಂದಿನಿಂದ ಬಲಕ್ಕೆ, ನಾನು ನುಗ್ಗಬೇಕಿದ್ದ ಆ ಖಾಲಿ ರಸ್ತೆಗೆ, ಕುರಿಹಿಂಡು ಹರಿದು ಬಂತು. ಹಿಂಡಿನ ನಡುವೆ ಒಬ್ಬ ಕುರಿಗಾಹಿ ಹೆಂಗಸು. ಹೆಗಲ ಮೇಲೆ ಆಗಷ್ಟೇ ಹುಟ್ಟಿದ ಮರಿ. ನಮ್ಮ ಕಡೆ ಕಣ್ಣೂ ಹಾಯಿಸದೆ ದಾಟಿ ಹೋದಳು.

ಏನೂ ಆಗಲಿಲ್ಲ. ಹೇಳಿಕೊಳ್ಳಲು ಒಂದು ಸಾಹಸವೂ ಇಲ್ಲ. ಆದರೆ ವೈದ್ಯೆಯಾಗಿ ನನಗೆ ಗೊತ್ತು, ಒಳ್ಳೆಯ ಹೆರಿಗೆ ಎಂದರೆ ಇದೇ. ಏನೂ ಆಗದ ಹಾಗೆ ನೋಡಿಕೊಳ್ಳುವುದು. ಆ ಹೆಂಗಸು ಮನೆಗೆ ಹೋಗಿ ಯಾರಿಗೂ ಏನೂ ಹೇಳಿರಲಾರಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಮದುಕ್ಕರೈಯಲ್ಲಿ ಎಳನೀರಿನ ಅಂಗಡಿ ಮುಂದೆ ನಿಲ್ಲಿಸಿದೆ. ಮೇಜರ್ ಇಳಿದು ಎಳನೀರು ಕೆತ್ತಿಸಲು ಹೋದರು. ನಾನು ಕನ್ನಡಿಯಲ್ಲಿ ಅತ್ತೆಯನ್ನು ನೋಡಿದೆ.

"ಅತ್ತೆ, ಅವತ್ತು ಕೆರೆ ಹತ್ತಿರ ತುಂಬಾ ಹೆದರಿಬಿಟ್ರಾ?"

ಅತ್ತೆ ಕಿಟಕಿಯಾಚೆ ನೋಡುತ್ತ ಹೇಳಿದರು.

"ಕೆರೆ ಕಂಡು ಬಯ ಆಗ್ಲಿಲ್ಲ ಕಣ್ಣೂ. ಸಾಯೋ ವಯಸ್ಸು, ಅದಕ್ಕೇನು? ವಂಡಿ ನಿಂತ ತಕ್ಷಣ ನೀ ಇಳಿದೆ. ಇಳಿದು ಆ ಗಾಡಿಕಾರನ್ನ ಬೈದೆ. ಬಸ್ಸುಕಾರನ್ನ ಬೈದೆ. ನೀ ಡಾಕ್ಟರು. ಹಿಂದೆ ಒಬ್ಬಳು ಮುದುಕಿ ಕುಂತವಳೆ, ಇದ್ದಾಳಾ ಸತ್ತಾಳಾ ಅಂತ ತಿರುಗಿ ಪಾತ್ತಿಲ್ಲಲ್ಲ, ನೋಡ್ಲಿಲ್ಲಲ್ಲ ನೀ. ಯಾರೋ ಮಿಲ್ಲುಕಾರ ಬಂದು 'ಪಾಟಿ, ಅಡಿ ಪಟ್ಟುಚಾ' ಅಂತ ಕೇಳಿದ. ಅಜ್ಜೀ ಪೆಟ್ಟಾಯ್ತಾ ಅಂತ, ಅವ ಕೇಳಿದ."

ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದು ಅವರ ಪಕ್ಕದಲ್ಲಿ ಕೂತೆ. ಕೈ ಹಿಡಿದುಕೊಂಡೆ. ಅಭ್ಯಾಸಬಲ ನೋಡಿ, ಬೆರಳು ತಾನಾಗಿ ನಾಡಿಯ ಮೇಲೆ ಹೋಯಿತು.

ಅತ್ತೆ ಅದನ್ನು ನೋಡಿದರು.

"ಓಡ್ತಾ ಇದೆಯಾ?"

"ಚೆನ್ನಾಗಿ ಓಡ್ತಾ ಇದೆ ಅತ್ತೆ."

"ಶರಿ ಹಂಗಾದ್ರೆ. ಅಳಬ್ಯಾಡ. ಎಳನೀ ಕುಡಿ."

ಮೂವರೂ ಎಳನೀರು ಕುಡಿದೆವು. ವಾಪಸು ಬರುವಾಗ ಅತ್ತೆ ಮೇಜರನ್ನು ಹಿಂದೆ ಕೂರಿಸಿ ತಾವು ಮುಂದೆ ಕೂತರು. ಮಿಲಿಟರಿ ಮನುಷ್ಯ, ಆಜ್ಞೆ ಪಾಲಿಸಿದರು. ನಾನು ಪಾಸಾದೆನೋ ಇಲ್ಲವೋ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರಗಳು ಈಗ ಚೆನ್ನಾಗಿವೆ. ಸಿಂಗಾನಲ್ಲೂರು ಬರುವವರೆಗೆ ನಾವಿಬ್ಬರೂ ರಸ್ತೆಯನ್ನು ಹಂಚಿಕೊಂಡು ನೋಡುತ್ತೇವೆ, ಎಡಗಡೆ ಅವರದ್ದು, ಬಲಗಡೆ ನನ್ನದು. ನಡುನಡುವೆ ಮನೆ ಸುದ್ದಿ. ಇಷ್ಟು ವರ್ಷ ಅದೇ ಕಾರಿನಲ್ಲಿ ಹೋಗಿ ಬಂದಿದ್ದೇವೆ. ಅತ್ತೆಯೂ ಚಿಕ್ಕಂದಿನಲ್ಲಿ ಮಗ್ಗಕ್ಕೆ ಕೂತು ಸೀರೆ ನೇಯ್ದವರು ಎಂದು ನನಗೆ ಗೊತ್ತಾದದ್ದು ಮೊನ್ನೆ.

ಡ್ರೈವಿಂಗ್ ಲೈಸೆನ್ಸನ್ನಾದರೆ ಆಗಾಗ ಹೊಸದು ಮಾಡಿಸಿಕೊಳ್ಳಿ ಎಂದು ಸರ್ಕಾರವೇ ನೆನಪಿಸುತ್ತದೆ. ಸೊಸೆ, ಗಂಡ, ಡಾಕ್ಟರು, ಮೇಷ್ಟರು ಎಂಬ ಲೈಸೆನ್ಸುಗಳನ್ನು ನೀವು ಕೊನೆಯ ಸಲ ಹೊಸದು ಮಾಡಿಸಿದ್ದು ಯಾವಾಗ?