ಎಲ್ವಿಯಾ ಕೈಸೆದೊ ಮತ್ತು ಎದ್ದೇಳದ ಯಂತ್ರ

ಕರೆಂಟು ಹೋದರೆ ಜೈಲಿನ ವಿದ್ಯುತ್ ಬೀಗಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬೆಂಕಿ ಬಿದ್ದರೆ ಒಳಗಿನವರು ಸುಟ್ಟು ಸಾಯಬಾರದೆಂದು ಹಾಗೆ ಮಾಡಿರುತ್ತಾರೆ. ಬೀಗಗಳನ್ನು ನಡೆಸುವ ಕಂಪ್ಯೂಟರ್ ಯಂತ್ರ ಮತ್ತೆ ಎದ್ದು ಬೀಗ ಹಾಕುವವರೆಗೆ ಕೈದಿಯ ಪ್ರಾಣ ಪಕ್ಕದ ಕೈದಿಯ ಕೈಯಲ್ಲಿ.

ನಮ್ಮ ಬಂದರು ಊರು ಪುಯೆರ್ತೊ ಲಿಂದೆರೊದ ಜೈಲಿನಲ್ಲಿ ಆ ಯಂತ್ರ ನೋಡಿಕೊಳ್ಳುತ್ತಿದ್ದವಳು ಎಲ್ವಿಯಾ ಕೈಸೆದೊ, ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಬೆಳೆದ ಹುಡುಗಿ. ಅವಳ ತಮ್ಮ ಯಾಂಡ್ರಿ ಅಲ್ಲೇ ಮೂರನೇ ಬ್ಲಾಕಿನಲ್ಲಿದ್ದ. ಈ ಊರಲ್ಲಿ ಯಾರ ಮನೆಯವರು ಒಳಗಿಲ್ಲ? ನಾಲ್ಕನೇ ಬ್ಲಾಕಿನ ಗುಂಪು ಅವನ ತಲೆಗೆ ಹೊಂಚು ಹಾಕಿತ್ತು.

ಯಂತ್ರಕ್ಕೆ ಡಿಸ್ಕ್ ಇರಲಿಲ್ಲ. ಇಟ್ಟಾಗಲೆಲ್ಲ ಕಾವಲುಗಾರರೇ ಬಿಚ್ಚಿ ಮಾರಿದ್ದರು. ಹಾಗಾಗಿ ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಏಳುವಾಗ ಇಡೀ ಡಿಸ್ಕಿನ ಪ್ರತಿಯನ್ನು ಎಲ್ವಿಯಾಳ ಮೇಜಿನ ಕಂಪ್ಯೂಟರಿನಿಂದ ಒಂದೇ ಗಂಟಾಗಿ ತರಿಸಿಕೊಂಡು ಮೆಮೊರಿಯಲ್ಲಿ ಬಿಚ್ಚಬೇಕು. ಮುಗಿಯುವವರೆಗೆ ಗಂಟಿಗೂ ಜಾಗ ಬೇಕು, ಬಿಚ್ಚಿದ ಸರಕಿಗೂ ಬೇಕು. ಜೈಲಿನ ನಿರ್ದೇಶಕ ವಿಲ್ಮರ್ ಸೆದೆನ್ಯೊಗೆ ಮುಖ ಗುರುತಿಸುವ ಕ್ಯಾಮೆರಾಗಳ ತಂತ್ರಾಂಶವೂ ಅದರಲ್ಲೇ ಇರಬೇಕಿತ್ತು. ಅದನ್ನು ನೋಡಲು ಮಂತ್ರಿ ಬರುವವರಿದ್ದರು.

"ಇದನ್ನೂ ತುರುಕಮ್ಮಾ, ಹಿಡಿಯುತ್ತೆ."

"ಹಿಡಿಯುತ್ತೆ ಸಾರ್, ಬಿಚ್ಚೋಕೆ ಜಾಗ ಎಲ್ಲಿ? ಬಿಚ್ತಾ ಬಿಚ್ತಾ ಗಂಟನ್ನ ಖಾಲಿ ಮಾಡ್ಕೊಂಡು ಹೋಗೋ ಹಾಗೆ ಕರ್ನೆಲ್ ತಿದ್ದಬೇಕು. ಒಂದು ವಾರ ಕೊಡಿ."

"ಮಂತ್ರಿಗೆ ನಿನ್ನ ಗಂಟು ತೋರಿಸ್ಲಾ? ಆಗಲ್ಲ ಅಂದ್ರೆ ಹೋಗಿ ಸಿಗಡಿ ಸುಲಿ."

ಕೆಲಸ ಹೋದರೆ ತಮ್ಮನ ಬಾಗಿಲು ಯಾರ ಕೈಗೆ ಬೀಳುತ್ತದೋ ಎಂದು ಹೆದರಿ ಅವಳು ತುರುಕಿದಳು. ಓಡುತ್ತಿದ್ದ ಯಂತ್ರಕ್ಕೆ ಕ್ಯಾಮೆರಾ ಸೇರಿಸಿ, ಮುಂದಿನ ಸಲ ಏಳಲು ಹೊಸ ಗಂಟು ಕಟ್ಟಿಟ್ಟಳು. ಒಮ್ಮೆ ಆರಿಸಿ ಎಬ್ಬಿಸಿ ನೋಡಲು ಸೆದೆನ್ಯೊ ಬಿಡಲಿಲ್ಲ.

ಮಂತ್ರಿ ಬಂದು ಹೋದ ಮಾರನೆಯ ಮಧ್ಯಾಹ್ನ, ಮೀನಿನ ಸಾರು ಬಡಿಸುವಾಗ ಕರೆಂಟು ಹೋಗಿ ಬಂತು. ಬೀಗಗಳು ಟಪಟಪ ಬಿಚ್ಚಿಕೊಂಡವು. ಕರ್ನೆಲ್ ಗಂಟು ಬಿಚ್ಚುತ್ತ ಅರ್ಧಕ್ಕೇ ಜಾಗ ಸಾಲದೆ ಸತ್ತಿತು. ಮತ್ತೆ ಎಬ್ಬಿಸಿದಳು. ಮತ್ತೆ ಸತ್ತಿತು. ನಾಲ್ಕನೇ ಬ್ಲಾಕಿನವರು ಮಚ್ಚು ಹಿಡಿದು ನುಗ್ಗಿದರು. ಸಾರಿನ ಹಂಡೆ ಉರುಳಿತು, ಬಡಿಸುತ್ತಿದ್ದವನ ಕೈ ಸೌಟಿನ ಸಮೇತ ಬಿತ್ತು. ಹಾಸಿಗೆಗಳಿಗೆ ಬೆಂಕಿ ಹತ್ತಿತು. ಕದ್ದಿಟ್ಟ ಫೋನಿನಿಂದ ಯಾಂಡ್ರಿ ಕಿರುಚಿದ:

"ಅಕ್ಕಾ, ಬಾಗಿಲು ಹಾಕೇ! ಬಂದ್ರು ಕಣೇ, ಹಾಕೇ!"

ಕ್ಯಾಮೆರಾ ತಂತ್ರಾಂಶವನ್ನೆಲ್ಲ ಕಿತ್ತೆಸೆದು ಗಂಟನ್ನು ಹೊಸದಾಗಿ ಕಟ್ಟಿದಳು. ಯಂತ್ರ ಎದ್ದಿತು. ಬೀಗಗಳು ಬಿದ್ದವು, ಯಾಂಡ್ರಿಯ ಕೋಣೆಯದೂ. ಅಷ್ಟರಲ್ಲಿ ಮೂವರು ಒಳಗೆ ಹೊಕ್ಕಿದ್ದರು. ಫೋನು ಇನ್ನೂ ಚಾಲೂ ಇತ್ತು. ಮಚ್ಚಿನ ಒಂದೊಂದು ಏಟನ್ನೂ ಅವಳು ಕೇಳಿಸಿಕೊಂಡಳು.

ಎಲ್ವಿಯಾ ಈಗ ಹೆಂಗಸರ ಬ್ಲಾಕಿನಲ್ಲಿದ್ದಾಳೆ, ನಿರ್ಲಕ್ಷ್ಯದ ಆರೋಪ. ಸೆದೆನ್ಯೊಗೆ ರಾಜಧಾನಿಯಲ್ಲಿ ಬಡ್ತಿ. ಅವನು ಇನ್ನೊಂದು ಜೈಲು ಕಟ್ಟಿಸುತ್ತಿದ್ದಾನೆ, ಉದ್ಘಾಟನೆಗೆ ನಿಮ್ಮನ್ನೂ ಕರೆಯುತ್ತಾನೆ. ಹೋಗಿ, ಆದರೆ ಚಪ್ಪಾಳೆ ತಟ್ಟಬೇಡಿ. ಖಾಲಿ ಕಟ್ಟಡದಲ್ಲಿ, ನಿಮ್ಮ ಕಣ್ಣೆದುರು, ಯಂತ್ರದ ಕರೆಂಟು ಕಿತ್ತು ಮತ್ತೆ ಎಬ್ಬಿಸಿ ತೋರಿಸು ಎನ್ನಿ. ತೋರಿಸುವವರೆಗೆ ಒಬ್ಬನನ್ನೂ ಅದರೊಳಗೆ ಹಾಕಲು ಬಿಡಬೇಡಿ.