ಏಳು ಅರಿವೆ ಎಣಿಸದೆ ಕೀಲಿ ತಿರುಗುವುದಿಲ್ಲ

ಬೆಳಗಿನ ಐದೂವರೆ. ಖಾನಾಪುರದ ಬೀದಿಯಲ್ಲಿ ಹಾಲಿನ ಗಾಡಿಯೊಂದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ತಗಡಿನ ಮಾಡಿನ ಗ್ಯಾರೇಜಿನಲ್ಲಿ ದಸ್ತಗೀರಸಾಬರು ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಹಳೆಯ ಡೀಸೆಲ್ ಗಾಡಿಯ ಬಾನೆಟ್ಟಿನೊಳಗೆ ಸೊಂಟದವರೆಗೆ ಬಾಗಿದ್ದಾರೆ. ಹೊರಗಿನಿಂದ ನೋಡಿದವರಿಗೆ ಗಾಡಿಯೇ ಅವರನ್ನು ಅರ್ಧ ನುಂಗಿದಂತೆ ಕಾಣುತ್ತದೆ. ಬಾಜುವಿನಲ್ಲಿ ನೆಲದ ಮೇಲೆ ಹಾಸಿದ ಚಾದರದ ತುಂಬ ಬೋಲ್ಟು, ಪಟ್ಟಿ, ರಬ್ಬರಿನ ಕೊಳವೆ. ಮೊದಲು ಬಿಚ್ಚಿದ್ದು ಎಡತುದಿಗೆ, ಕೊನೆಯದು ಬಲತುದಿಗೆ. ಆ ಸಾಲನ್ನು ದಾಟಲು ಗ್ಯಾರೇಜಿನ ಬೆಕ್ಕಿಗೂ ಅನುಮತಿಯಿಲ್ಲ.

ಗಾಡಿ ಗುಂಜಿಯ ಉಳವಪ್ಪ ಅವರದು. ಗಾಳಿ ಸೋಸುವ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಬೆರಳು ತೂರುವಷ್ಟು ಸೀಳು ಬಿದ್ದು, ತಿಂಗಳುಗಟ್ಟಲೆ ದಾರಿಯ ಕೆಂಧೂಳು ಸೀದಾ ಒಳಗೆ ಹೋಗಿದೆ. ಇಂಜಿನ್ ಇಳಿಸಿ, ಸವೆದ ರಿಂಗುಗಳನ್ನು ಬದಲಿಸಿ, ಮತ್ತೆ ಕೂರಿಸುವುದಕ್ಕೆ ಮೂರು ದಿನ ಹಿಡಿದಿದೆ. ಈಗ ಉಳಿದಿರುವುದು ಗಾಳಿಯ ದಾರಿಯ ಜೋಡಣೆ ಮಾತ್ರ.

"ಮನಶಾಗ ಉಸುರು ಹೆಂಗೋ ಇಂಜಿನ್ನಿಗೂ ಹಂಗ ರೀ," ಎನ್ನುತ್ತಾರೆ ದಸ್ತಗೀರಸಾಬರು, ತಲೆ ಎತ್ತದೆ. "ಎಣ್ಣಿ ಹಾಕಾಕ ಎಲ್ಲಾರೂ ನೆನಪ ಇಟಗೊಂತಾರ. ಗಾಳಿ ಎಲ್ಲಿಂದ ಬರತದ ಅಂತ ಯಾರೂ ಕೇಳೂದಿಲ್ಲ."

ಇವತ್ತಿನ ಅವಸರಕ್ಕೆ ಕಾರಣ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಕುಳಿತಿದ್ದಾರೆ. ಉಳವಪ್ಪನವರ ಅಕ್ಕ ಸಂಗವ್ವ ಅವರಿಗೆ ವಾರಕ್ಕೆ ಎರಡು ಸಲ ಬೆಳಗಾವಿಯಲ್ಲಿ ಡಯಾಲಿಸಿಸ್. ಒಂಬತ್ತಕ್ಕೆ ಅವರ ಪಾಳಿ. ಅದು ತಪ್ಪಿದರೆ ಆ ದಿನ ಮತ್ತೊಮ್ಮೆ ಯಂತ್ರ ಸಿಗುವ ಖಾತ್ರಿಯಿಲ್ಲ. ಮೈಯಲ್ಲಿ ನೀರು ತುಂಬಿಕೊಂಡು ಉಸಿರಾಟವೇ ಕಷ್ಟವಾಗುತ್ತದೆ. ಹೋಗುವಾಗ ಹೇಗಾದರೂ ಕೂತಾರು, ಬರುವಾಗ ಮಲಗಿಯೇ ಬರಬೇಕು. ಹಿಂದಿನ ಸೀಟು ತೆಗೆದು ಗಾದಿ ಹಾಸಿರುವುದು ತಮ್ಮನ ಈ ಗಾಡಿಯಲ್ಲಿ ಮಾತ್ರ. ಬೆಳಿಗ್ಗೆ ಗುಂಜಿಗೆ ಹೋಗಿ ಬರುವ ಹೊತ್ತು ಉಳಿಯಲಿ ಎಂದು ನಿನ್ನೆ ಸಂಜೆಯೇ ಉಳವಪ್ಪ ಅಕ್ಕನನ್ನು ಬಸ್ಸಿನಲ್ಲಿ ಕರೆತಂದು ದಸ್ತಗೀರಸಾಬರ ಮನೆಯಲ್ಲಿ ಇಳಿಸಿದ್ದಾರೆ. ಸಾಬರ ಹೆಂಡತಿ ಬದರುನ್ನಿಸಾ ಅವರು ಸಂಗವ್ವನಿಗೆ ಚಹಾ ಕೊಡುವುದೂ, ಮೈಯಲ್ಲಿ ನೀರು ಹೆಚ್ಚಬಾರದೆಂದು, ಅಳತೆಯ ಮೇಲೆಯೇ. ಅರ್ಧ ಲೋಟ, ಅದರ ಮೇಲೆ ಗುಟುಕೂ ಇಲ್ಲ.

ಈ ಕೈಗಳಿಗೆ ಕೆಲಸ ಕಲಿಸಿದ್ದು ಬೆಳಗಾವಿ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟ ದಸ್ತಗೀರಸಾಬರನ್ನು ಬಾಳಾಸಾಹೇಬ ಎಂಬ ಮೇಸ್ತ್ರಿ ತಮ್ಮ ಗ್ಯಾರೇಜಿಗೆ ಸೇರಿಸಿಕೊಂಡರು. ಮರಾಠಿಯಲ್ಲಿ ಬೈಯುವುದು, ಕನ್ನಡದಲ್ಲಿ ಕಲಿಸುವುದು ಅವರ ಪದ್ಧತಿ. ಮೊದಲ ವರ್ಷ ಬೋಲ್ಟು ಬಿಚ್ಚುವ ಪಾನಾ ಮುಟ್ಟಗೊಡಲಿಲ್ಲ. ಬಿಚ್ಚಿದ್ದನ್ನು ಚಾದರದ ಮೇಲೆ ಸಾಲಾಗಿ ಜೋಡಿಸುವುದಷ್ಟೇ ಕೆಲಸ. "ಆಗ ಸಿಟ್ಟ ಬರತಿತ್ತು. ಈಗ ದಿನಾ ಅವರನ್ನ ನೆನಸತೀನಿ," ಎನ್ನುವಾಗ ಸಾಬರ ದನಿ ಮೆತ್ತಗಾಗುತ್ತದೆ. ಖಾನಾಪುರಕ್ಕೆ ಬಂದು ಸ್ವಂತ ಗ್ಯಾರೇಜು ಹಾಕಿ ಇಪ್ಪತ್ತೆಂಟು ವರ್ಷ. ಇಳಿಸಿ ಏರಿಸಿದ ಇಂಜಿನ್ನುಗಳು ನಾಲ್ಕುನೂರರ ಮೇಲೆ. ಇಂಜಿನ್ ಎತ್ತುವ ಸರಪಳಿ ಎಳೆದೆಳೆದು ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿದೆ. ನಮಾಜಿಗೆ ಕೈಕಟ್ಟಿ ನಿಂತಾಗಲೂ ಅದು ಓರೆಯೇ ಎಂದು ಹೆಂಡತಿ ನಗುತ್ತಾರೆ.

ಗ್ಯಾರೇಜಿನ ಗೋಡೆಗೆ ಒಂದು ಹಗ್ಗ ಕಟ್ಟಿದೆ. ಅದರ ಮೇಲೆ ಚೌಕಾಕಾರದ ಬಟ್ಟೆಯ ತುಂಡುಗಳು, ಏಳು ಅರಿವೆ, ಒಂದೊಂದಕ್ಕೂ ಮೊಳದುದ್ದದ ಕೆಂಪು ಬಾಲ. ಗಾಳಿಯ ದಾರಿ ಬಿಚ್ಚಿದೊಡನೆ ತೆರೆದ ಬಾಯಿಗಳಿಗೆಲ್ಲ ಈ ಅರಿವೆ ತುರುಕಬೇಕು. ಇಲ್ಲವಾದರೆ ನಟ್ಟೋ ಹರಳೋ ಒಳಗೆ ಬಿದ್ದು ಇಂಜಿನ್ ಹಾಳಾಗುತ್ತದೆ. ಬಾಲ ಹೊರಗೆ ಜೋತುಬಿದ್ದಿದ್ದರೆ ಅರಿವೆ ಒಳಗಿರುವುದು ಕಣ್ಣಿಗೆ ಹೊಡೆಯುತ್ತದೆ. ಕೆಲಸ ಮುಗಿದ ಮೇಲೆ ಏಳೂ ಹಗ್ಗಕ್ಕೆ ಬರಬೇಕು, ಎಣಿಸಬೇಕು. ಆಮೇಲೆಯೇ ಕೀಲಿ.

ಈ ನೇಮದ ಹಿಂದೆ ಒಂದು ತಪ್ಪಿದೆ. ಅದನ್ನು ಸಾಬರು ಮುಚ್ಚಿಡುವುದಿಲ್ಲ. ಹೊಸ ಗಿರಾಕಿಗೆ ಚಹಾ ಕೊಟ್ಟು ಕೂರಿಸಿ ತಾವೇ ಹೇಳುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ಕಣಕುಂಬಿಯ ಸಿದ್ದಪ್ಪ ಎಂಬವರ ಗಾಡಿಯ ಕೊಳವೆಯಲ್ಲಿ ಒಂದು ಅರಿವೆ ಮರೆತುಬಿಟ್ಟರು. ಆಗ ಬಾಲವೂ ಇಲ್ಲ, ಎಣಿಕೆಯೂ ಇಲ್ಲ. ಗಾಡಿ ಗ್ಯಾರೇಜಿನಿಂದ ಚೆನ್ನಾಗಿಯೇ ಹೊರಟಿತು. ಕಾಡಿನ ಏರಿನಲ್ಲಿ ಅರಿವೆ ಸರಿದು, ಗಾಳಿಯ ದಾರಿ ಕಟ್ಟಿಕೊಂಡು, ಗಾಡಿ ನಿಂತುಬಿಟ್ಟಿತು. ಒಳಗಿದ್ದವರು ಆಸ್ಪತ್ರೆಯಿಂದ ಮನೆಗೆ ಹೊರಟಿದ್ದ ಸಿದ್ದಪ್ಪನವರ ತಾಯಿ. ಮಳೆಯಲ್ಲಿ ಎರಡು ತಾಸು ಕಾದ ಮೇಲೆ ದಾರಿಹೋಕ ಚಾಲಕನೊಬ್ಬ ಕೊಳವೆ ಬಿಚ್ಚಿ ಅರಿವೆ ಎಳೆದ.

"ಮರದಿನ ಸಿದ್ದಪ್ಪಾರು ಬಂದ್ರು. ನಾ ಹೊಡಿತಾರ ಅಂತ ತಯಾರಾಗೇ ನಿಂತಿದ್ನಿ. ಅವರು ಅರಿವಿ ಒಗದು ಮಡಚಿ ತಂದಿದ್ರು ರೀ! 'ಇದು ನಿಮ್ಮದು' ಅಂದ್ರು. 'ಅವನ ಅನ್ನಕ್ಕ ಕಲ್ಲ ಹಾಕಬ್ಯಾಡ, ಊರಾಗ ಹೇಳಬ್ಯಾಡ ಅಂತ ನಮ್ಮವ್ವ ಹೇಳ್ಯಾಳ' ಅಂದ್ರು. ಮುಂದಿನ ಸಲನೂ ಗಾಡಿ ನನ್ನ ಕಡೇನ ತಂದ್ರು. ಆ ತಾಯಿ ಹಂಗ ಅನ್ನದಿದ್ರ ನಾ ಇವತ್ತ ಇಲ್ಲಿ ಇರತಿದ್ದಿಲ್ಲ."

ಅದೇ ವಾರ ಬದರುನ್ನಿಸಾ ತಮ್ಮ ಹಳೆಯ ಓಢಣಿಯನ್ನು ಸೀಳಿ ಅರಿವೆಗಳಿಗೆ ಬಾಲ ಹೊಲಿದರು. ಗಂಡನ ಮರೆವಿಗೆ ಅವರು ಕಂಡುಕೊಂಡ ಮದ್ದು ಅದು.

ಏಳು ಗಂಟೆ ಹತ್ತು ನಿಮಿಷಕ್ಕೆ ಜೋಡಣೆ ಮುಗಿಯುತ್ತದೆ. ಚಾದರ ಬರಿದು. ಸಾಬರು ಕೈ ಒರೆಸಿಕೊಂಡು ಹಗ್ಗದ ಮುಂದೆ ನಿಂತು ಎಣಿಸುತ್ತಾರೆ. ಆರು. ಮತ್ತೆ ಎಣಿಸುತ್ತಾರೆ. ಆರೇ.

ಉಳವಪ್ಪ ಆಗಲೇ ಚಾಲಕನ ಸೀಟಿನಲ್ಲಿದ್ದಾರೆ. "ಎಲ್ಲರೆ ಬಿದ್ದಿರತೈತಿ ಬಿಡ್ರಿ ಚಾಚಾ. ಬಾಲ ಹೊರಗ ಕಾಣವಲ್ದಲ್ಲ?"

ಸಾಬರು ಗಾಡಿಯ ಕೆಳಗೆ ತೂರಿ ಬ್ಯಾಟರಿ ಬಿಟ್ಟು ಹುಡುಕುತ್ತಾರೆ. ಸಿಗುವುದು ಒಂದೇ ಒಂದು ಕೆಂಪು ಪಟ್ಟಿ. ಹೊಲಿಗೆ ಬಿಚ್ಚಿ ಕಳಚಿಬಿದ್ದ ಬಾಲ! ಅರಿವೆಯ ಸುಳಿವಿಲ್ಲ.

"ಬಿಚ್ಚಬೇಕು," ಎನ್ನುತ್ತಾರೆ.

"ಚಾಚಾ, ಒಂಬತ್ತಕ್ಕ ಪಾಳಿ ಐತ್ರೀ! ಕೀಲಿ ಹಚ್ಚಿ ನೋಡೂಣು, ಒಳಗಿದ್ರ ಗೊತ್ತಾಗತೈತಿ."

"ಇಲ್ಲಿ ಗೊತ್ತಾಗೂದಿಲ್ಲ ಉಳವಪ್ಪಾ, ಹಾದ್ಯಾಗ ಗೊತ್ತಾಗತದ. ನಿಮ್ಮಕ್ಕನ್ನ ಹಾದ್ಯಾಗ ಕುಂದ್ರಸೂದು ಬ್ಯಾಡ."

ಉಳವಪ್ಪ ಎರಡು ಕಡೆ ಫೋನು ಹಚ್ಚುತ್ತಾರೆ. ಎರಡೂ ಗಾಡಿಗಳು ಬಾಡಿಗೆಗೆ ಹೋಗಿವೆ. ಬೇರೆ ದಾರಿಯಿಲ್ಲದೆ ತಾವೇ ಬ್ಯಾಟರಿ ಹಿಡಿದು ನಿಲ್ಲುತ್ತಾರೆ. ಚಾದರ ಮತ್ತೆ ಹಾಸಿಕೊಳ್ಳುತ್ತದೆ. ಡಬ್ಬಿ, ಕೊಳವೆ, ಅದರಾಚೆಯ ಬೋಲ್ಟುಗಳು, ಅದೇ ಕ್ರಮದಲ್ಲಿ. ಅವಸರವಿದೆ, ಆದರೆ ಸಾಬರ ಕೈ ಒಂದು ಬೋಲ್ಟನ್ನೂ ಸಾಲು ತಪ್ಪಿ ಇಡುವುದಿಲ್ಲ. ಎಲ್ಲ ಬಾಯಿಗಳೂ ತೆರೆದ ಮೇಲೆ ಬೆರಳು ಹಾಕಿ, ಬೆಳಕು ಬಿಟ್ಟು ನೋಡುತ್ತಾರೆ. ಒಳಗೆ ಏನೂ ಇಲ್ಲ.

ಇಬ್ಬರೂ ಮುಖ ಮುಖ ನೋಡಿಕೊಳ್ಳುವಾಗ ಬದರುನ್ನಿಸಾ ಸಂಗವ್ವನ ಕೈಹಿಡಿದುಕೊಂಡು ಹೊರಗೆ ಬರುತ್ತಾರೆ. ಇನ್ನೊಂದು ಕೈಯಲ್ಲಿ ಅರಿವೆ, ಅದಕ್ಕೆ ಹೊಚ್ಚ ಹೊಸ ಬಾಲ.

"ಬೆಳಗ್ಗೆ ಚಾ ತಂದಾಗ ನೋಡಿದ್ನಿ, ಇದು ನೆಲದ ಮ್ಯಾಲ ಬಿದ್ದಿತ್ತು, ಬಾಲ ಹರದಿತ್ತು. ಹೊಲದ ಕೊಡೂಣು ಅಂತ ಒಯ್ದಿದ್ನಿ," ಎನ್ನುತ್ತಾರೆ. ಆಗ ಚಾದರದ ತುಂಬ ಹರಡಿದ ಸಾಮಾನು ಕಣ್ಣಿಗೆ ಬೀಳುತ್ತದೆ. "ಯಾ ಅಲ್ಲಾ! ಮತ್ತ ಬಿಚ್ಚೀರೇನು?"

ಉಳವಪ್ಪ ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ಸಾಬರು ಅರಿವೆ ಇಸಿದುಕೊಂಡು ಹಗ್ಗಕ್ಕೆ ಹಾಕುತ್ತಾರೆ. "ಒಳಗ ಸಿಗಲಿಲ್ಲಲ್ಲ, ಅದ ಛಲೋ ಆತು. ಹತ್ತೊಂಬತ್ತ ವರ್ಷ ನನ್ನ ಮಾನ ಕಾಯ್ದಾಕಿ ಈಕಿನ. ಒಂದ ದಿನ ಅವಸರ ಮಾಡಸಿದ್ರ ಏನ್ ಹೋತು?" ಬದರುನ್ನಿಸಾ ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಸಂಗವ್ವನಿಗೂ ನಗು, ನಡುನಡುವೆ ಏದುಸಿರು.

ಎರಡನೆಯ ಸಲದ ಜೋಡಣೆಗೆ ಇಪ್ಪತ್ತು ನಿಮಿಷ. ಎಣಿಕೆ: ಏಳು. ಕೀಲಿ ತಿರುಗಿದೊಡನೆ ಗಾಡಿ ಹೊಗೆಯಿಲ್ಲದೆ, ಕೆಮ್ಮಿಲ್ಲದೆ ಶುರುವಾಗುತ್ತದೆ. ಎಂಟಕ್ಕೆ ಎರಡು ನಿಮಿಷವಿರುವಾಗ ಹೊರಡುತ್ತದೆ. ಮುಂದೆ ಇಪ್ಪತ್ತಾರು ಕಿಲೋಮೀಟರು, ಕೊನೆಗೆ ಬೆಳಗಾವಿಯ ಬೆಳಗಿನ ಗದ್ದಲ.

ಸಾಬರು ಮುಂದಿನ ಗಾಡಿಯ ಬಾನೆಟ್ ಎತ್ತುತ್ತಾರೆ, ಆದರೆ ಪಾನಾ ಹಿಡಿಯುವುದಿಲ್ಲ. ಗೋಡೆಯ ಗಡಿಯಾರ ನೋಡುತ್ತಾರೆ. ಬದರುನ್ನಿಸಾ ತಂದಿಟ್ಟ ಚಹಾ ಆರಿಹೋಗುತ್ತದೆ. ಹೆಂಡತಿಯಿಂದಲೇ ತಡವಾಯಿತು ಎಂಬ ಮಾತು ಸಾಬರ ಬಾಯಿಂದ ಬಂದಿಲ್ಲ. ಬದರುನ್ನಿಸಾ ಅವರ ಮನಸ್ಸಿನಲ್ಲಿ ಮಾತ್ರ ಅದೇ ಕುಳಿತಿದೆ. ಗ್ಯಾರೇಜಿನ ಬಾಗಿಲು ಬಿಟ್ಟು ಒಳಗೆ ಹೋಗಲು ಅವರಿಗೆ ಆಗುತ್ತಿಲ್ಲ.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಫೋನು ಬಡಿಯುತ್ತದೆ. ಉಳವಪ್ಪನವರದು. ಸಾಬರು ಹೆಂಡತಿಗೂ ಕೇಳಲೆಂದು ಸ್ಪೀಕರ್ ಒತ್ತುತ್ತಾರೆ.

"ಮುಟ್ಟಿದಿವಿ ಚಾಚಾ. ಪಾಳಿ ಸಿಕ್ಕತು, ಒಳಗ ಕರಕೊಂಡ ಹೋದ್ರು. ಸಿಟ್ಟ ಮಾಡಿದ್ನಿ, ಮನಸಿಗೆ ಹಚಗೋಬ್ಯಾಡ್ರಿ." ಹಿಂದಿನಿಂದ ಆಸ್ಪತ್ರೆಯ ಗದ್ದಲ ಕೇಳುತ್ತದೆ. "ಚಾಚಾ, ಒಂದ ಮಾತ. ಗಾಡಿ ಎಲ್ಲರೆ ನಿಂತೀತು ಅಂತ ಅಕ್ಕ ಪ್ರತಿ ಸಲ ಹಾದಿ ತುಂಬ ಇಂಜಿನ್ ಸಪ್ಪಳಾನ ಕೇಳಕೋತ ಕುಂದರತಿದ್ಲು. ಇವತ್ತ ಖಾನಾಪುರ ದಾಟಿದ ಕೂಡ್ಲೆ ನಿದ್ದಿ ಹತ್ತೇತಿ. ಆಸ್ಪತ್ರಿ ಮುಂದ ನಾನ ಎಬ್ಬಿಸೇನಿ."

ಬದರುನ್ನಿಸಾ ದುಪಟ್ಟಾದಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ದಸ್ತಗೀರಸಾಬರು ಆರಿದ ಚಹಾವನ್ನೇ ಒಂದು ಗುಟುಕಿಗೆ ಕುಡಿದು, ಮೇಲೆತ್ತಿದ ಬಾನೆಟ್ಟಿನೊಳಗೆ ಬಗ್ಗುತ್ತಾರೆ. ಅಲ್ಲಿಂದಲೇ ಅವರ ದನಿ ಕೇಳುತ್ತದೆ:

"ಗಾಡ್ಯಾಗ ಕುಂತವ್ರಿಗೆ ಇಂಜಿನ್ ನೆನಪ ಆಗಬಾರದ್ರೀ. ನನ್ನ ಹೆಸರು ಹೆಂಗೂ ಬ್ಯಾಡ. ನಿದ್ದಿ ಹತ್ತಿದ್ರ ಅಷ್ಟ ಸಾಕು."